ಗಂಧದ ಗುಡಿಗೆ ಮತ್ತೊಮ್ಮೆ ಹೋಗಿ ಬನ್ನಿ

ಅಹಮದಾಬಾದ್ ಇರಲಿ, ವಡೋದರಾ ಇರಲಿ, ಸೂರತ್ ಇರಲಿ, ಕನ್ನಡದವರು ನಾಲ್ಕು ಜನ ಸೇರಿದರೆ ಮಾತು ಹೇಗೋ ಹಳೆಯ ಸಿನಿಮಾಕ್ಕೆ ಬಂದು ನಿಲ್ಲುತ್ತದೆ. ಚಿಕ್ಕಂದಿನಲ್ಲಿ ಮನೆಮಂದಿಯೆಲ್ಲ ಕೂತು ನೋಡಿದ ಸಾಹಸದ ಚಿತ್ರ ಯಾವುದು ಎಂದು ಕೇಳಿ ನೋಡಿ, ಒಬ್ಬರಾದರೂ ‘ಗಂಧದ ಗುಡಿ’ ಅನ್ನುತ್ತಾರೆ. ಅದೇ ಚಿತ್ರವನ್ನು 40 ದಾಟಿದ ಮೇಲೆ ಇನ್ನೊಮ್ಮೆ ನೋಡಿದರೆ ಬೇರೆಯೇ ಕತೆ ಹೇಳುತ್ತದೆ. ಯಾಕೆ ಹೀಗೆ? ಬನ್ನಿ, ನೋಡೋಣ.

ಮೊದಲು ನೆನಪು ತಾಜಾ ಮಾಡಿಕೊಳ್ಳೋಣ. ಚಿತ್ರ ಬಂದಿದ್ದು 1973ರಲ್ಲಿ. ಮೈಸೂರಿನ ಕುಸ್ತಿಯ ಅಖಾಡದಿಂದ ಚಿತ್ರರಂಗಕ್ಕೆ ಬಂದ ಎಂ.ಪಿ. ಶಂಕರ್ ನಿರ್ಮಾಪಕರು, ವಿಜಯ್ ನಿರ್ದೇಶಕರು, ಸಂಗೀತ ರಾಜನ್-ನಾಗೇಂದ್ರ ಅವರದು. ಅರಣ್ಯಾಧಿಕಾರಿ ಕುಮಾರ್ ಆಗಿ ಡಾ. ರಾಜ್‌ಕುಮಾರ್, ಆನಂದ್ ಆಗಿ ವಿಷ್ಣುವರ್ಧನ್. ಇಬ್ಬರೂ ಒಟ್ಟಿಗೆ ನಟಿಸಿದ್ದು ಇದೊಂದೇ ಚಿತ್ರದಲ್ಲಿ. 1979ರಲ್ಲಿ ಇದೇ ಕತೆ ಧರ್ಮೇಂದ್ರ ಅವರ ‘ಕರ್ತವ್ಯ’ ಆಗಿ ಹಿಂದಿಗೆ ಹೋಯಿತು. ಪಕ್ಕದ ಮನೆಯ ಗುಜರಾತಿ ಕಾಕಾ ಅದನ್ನು ನೋಡಿದ್ದರೂ ನೋಡಿರಬಹುದು, ಕೇಳಿ!

ಚಿಕ್ಕವರಾಗಿದ್ದಾಗ ನಾವು ನೋಡಿದ್ದು ಏನು? ಆನೆ, ಕಾಡು, ಹೊಡೆದಾಟ. ಅಣ್ಣತಮ್ಮಂದಿರು ಎದುರಾಳಿಗಳಾಗಿ ನಿಂತಾಗ ಎದೆ ಢವಢವ. ಕಳ್ಳರು ಸಿಕ್ಕಿಬೀಳುತ್ತಾರೋ ಇಲ್ಲವೋ ಎಂಬುದೊಂದೇ ಚಿಂತೆ. ದೊಡ್ಡವರಾದ ಮೇಲೆ ನೋಡಿದರೆ ಕಣ್ಣು ಹೋಗುವುದು ಆ ಅಧಿಕಾರಿಯ ಕಡೆಗೆ. ಸರ್ಕಾರಿ ಸಂಬಳದ ಒಬ್ಬ ಮನುಷ್ಯ ಗುರುತಿಲ್ಲದ ಊರಿಗೆ ಬಂದು, ಅಲ್ಲಿನ ದೊಡ್ಡವರನ್ನು ಎದುರುಹಾಕಿಕೊಂಡು, ತನ್ನದಲ್ಲದ ಮರಗಳನ್ನು ಕಾಯುತ್ತಾನೆ. ಕೆಲಸಕ್ಕಾಗಿ ಊರು ಬಿಟ್ಟು ಬಂದ ನಮಗೆ ಅವನ ಒಂಟಿತನ ಈಗ ಅರ್ಥವಾಗುತ್ತದೆ.

ಆ ಕಾಲವನ್ನೂ ಗಮನಿಸಿ. ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಿದ್ದು 1972ರಲ್ಲಿ. ಹುಲಿ ಯೋಜನೆ ಶುರುವಾಗಿದ್ದು 1973ರ ಏಪ್ರಿಲ್ 1ರಂದು; ಮೊದಲ 9 ಹುಲಿಧಾಮಗಳಲ್ಲಿ ನಮ್ಮ ಬಂಡೀಪುರವೂ ಒಂದು. ಅದಕ್ಕೆ ಹಿಂದೆ ಬೇಟೆಯೆಂದರೆ ದೊಡ್ಡಸ್ತಿಕೆಯ ಮಾತು. ಅಂಥ ಹೊತ್ತಿನಲ್ಲಿ ಬೇಟೆಗಾರನನ್ನಲ್ಲ, ಕಾಡು ಕಾಯುವವನನ್ನು ನಾಯಕ ಮಾಡಿದ್ದು ಸಣ್ಣ ವಿಷಯವಲ್ಲ.

ಇನ್ನು ಗಂಧದ ವಿಚಾರ. ಟಿಪ್ಪು ಸುಲ್ತಾನ್ 1792ರಲ್ಲಿ ಗಂಧವನ್ನು ರಾಜವೃಕ್ಷವೆಂದು ಸಾರಿದ. ಮುಂದೆ ಬಂದ ಸರ್ಕಾರಗಳೂ ಮರದ ಮೇಲಿನ ಹಕ್ಕು ಬಿಡಲಿಲ್ಲ. ನಿಮ್ಮ ಹಿತ್ತಿಲಲ್ಲೇ ಬೆಳೆದರೂ ಮರ ಸರ್ಕಾರದ್ದು! ಹಾಗಾಗಿ ಬೆಳೆಸುವವರಿಗೆ ಆಸೆ ಇರಲಿಲ್ಲ, ಕದಿಯುವವರಿಗೆ ಮಾತ್ರ ಇತ್ತು. ಪರಿಮಳವಿರುವುದು ಮರದ ಒಳತಿರುಳಿನಲ್ಲಿ. ಅದು ಬಲಿಯಲು ವರ್ಷಗಟ್ಟಲೆ ಬೇಕು, ಕಡಿಯಲು ಒಂದು ರಾತ್ರಿ ಸಾಕು. 2001ರಲ್ಲಿ ಕರ್ನಾಟಕ ಅರಣ್ಯ ಕಾಯ್ದೆಗೆ ತಿದ್ದುಪಡಿಯಾದ ಮೇಲೆ ಜಮೀನಿನ ಒಡೆಯನೇ ಮರದ ಒಡೆಯನಾದ. ಚಿತ್ರದಲ್ಲಿ ಕಳ್ಳಸಾಗಣೆ ಕೆಟ್ಟವರ ದುರಾಸೆಯಾಗಿ ಕಾಣುತ್ತದೆ. ಅದರ ಹಿಂದೆ ಇಂಥ ಕಾನೂನಿನ ಕತೆಯೂ ಇತ್ತೆಂದು ನಮಗೆ ತಿಳಿದಿದ್ದು ಆಮೇಲೆ.

ಆದರೆ ಈ ಚಿತ್ರವನ್ನು ನಮ್ಮ ಪಾಲಿಗೆ ನಿಜವಾಗಿ ಬದಲಾಯಿಸಿದ್ದು ಎರಡು ಘಟನೆಗಳು. 1991ರ ನವೆಂಬರ್‌ನಲ್ಲಿ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವರನ್ನು ವೀರಪ್ಪನ್ ಕೊಂದ. ಅವನು ಶರಣಾಗುತ್ತಾನೆಂದು ನಂಬಿ ಅವರು ಆಯುಧವಿಲ್ಲದೆ ಹೋಗಿದ್ದರು. ಅವರಿಗೆ ಮರಣೋತ್ತರವಾಗಿ ಕೀರ್ತಿ ಚಕ್ರ ಬಂತು. ಇನ್ನೊಂದು, 2000ದ ಜುಲೈ 30ರ ರಾತ್ರಿ. ಗಾಜನೂರಿನ ತೋಟದ ಮನೆಯಿಂದ ರಾಜ್‌ಕುಮಾರ್ ಅವರನ್ನು ಅದೇ ವೀರಪ್ಪನ್ ಅಪಹರಿಸಿದ. ತೆರೆಯ ಮೇಲೆ ಗಂಧಗಳ್ಳರನ್ನು ಹಿಡಿದಿದ್ದ ಅಣ್ಣಾವ್ರು 108 ದಿನ ಗಂಧಗಳ್ಳನ ಸೆರೆಯಲ್ಲಿದ್ದರು! ಇದೆಲ್ಲ ಗೊತ್ತಿದ್ದು ಆ ಕುಮಾರ್ ಕಾಡಿನೊಳಗೆ ಹೆಜ್ಜೆ ಇಡುವುದನ್ನು ನೋಡಿ... ‘ಇದು ಸಿನಿಮಾ, ಕೊನೆಗೆ ಗೆಲ್ಲುತ್ತಾನೆ ಬಿಡು’ ಅನ್ನಲು ನಾಲಿಗೆ ಏಳುವುದಿಲ್ಲ.

ಚಿತ್ರದಲ್ಲಿ ಈಗ ಸಪ್ಪೆ ಅನ್ನಿಸುವುದೂ ಇದೆ. ಕಾಕತಾಳೀಯಗಳು ಜಾಸ್ತಿ, ಹೊಡೆದಾಟ ಇಂದಿನ ಮಕ್ಕಳಿಗೆ ನಗು ತರಿಸಬಹುದು. ಕಾಡಿನಲ್ಲೇ ತಲೆಮಾರುಗಳಿಂದ ಬದುಕಿದವರ ಹಕ್ಕು ಏನು ಎಂಬ ಪ್ರಶ್ನೆಯೂ ಏಳುತ್ತದೆ. ಅದಕ್ಕೆ ಕಾಯ್ದೆಯೊಂದು ಬಂದಿದ್ದು 2006ರಲ್ಲಿ. ಪ್ರೀತಿಯಿಂದ ನೋಡಿದ ಚಿತ್ರವನ್ನು ಹೀಗೆ ಪ್ರಶ್ನಿಸಿದರೆ ಪ್ರೀತಿಯೇನೂ ಕಡಿಮೆಯಾಗುವುದಿಲ್ಲ.

ಈಗ ಅಸಲು ಮಾತಿಗೆ ಬರೋಣ. ಇಲ್ಲೇ ಹುಟ್ಟಿ ಬೆಳೆದ ನಮ್ಮ ಮಕ್ಕಳಲ್ಲಿ ಎಷ್ಟೋ ಮಂದಿ ಗುಜರಾತಿಯಲ್ಲಿ ಆಡುತ್ತಾರೆ, ಹಿಂದಿಯಲ್ಲಿ ಜಗಳವಾಡುತ್ತಾರೆ, ಅಜ್ಜಿಯ ಫೋನ್ ಬಂದಾಗ ಮಾತ್ರ ಕನ್ನಡ. ‘ನಮ್ಮ ಕಾಲದ ಸಿನಿಮಾ ನೋಡು’ ಎಂದು ಕೂರಿಸಿದರೆ ಹತ್ತು ನಿಮಿಷಕ್ಕೆ ಎದ್ದು ಹೋಗುತ್ತಾರೆ. ಹಾಗಾಗಿ ಹೀಗೆ ಮಾಡಿ ನೋಡಿ. ಮೊದಲು ಶ್ರೀನಿವಾಸ್ ಅವರ ಕತೆ ಹೇಳಿ, 108 ದಿನಗಳ ಕತೆ ಹೇಳಿ. ಚಿತ್ರವನ್ನು ಎರಡು ಸಂಜೆಗೆ ಹಂಚಿ. ನಡುವೆ ಪ್ರತಿ ಪದದ ಅರ್ಥ ಕೇಳಿ ಪರೀಕ್ಷೆ ಮಾಡಬೇಡಿ. ಅವರು ಕೇಳಿದಾಗ ಹೇಳಿದರೆ ಸಾಕು. ಆಮೇಲೆ ಪುನೀತ್ ರಾಜ್‌ಕುಮಾರ್ ಅವರ ‘ಗಂಧದ ಗುಡಿ’ ತೋರಿಸಿ. ಅವರು ತೀರಿಕೊಂಡ ಒಂದು ವರ್ಷದ ನಂತರ, 2022ರ ಅಕ್ಟೋಬರ್ 28ರಂದು ಬಂದ ಚಿತ್ರವದು. ಅದರಲ್ಲಿ ಖಳನಾಯಕನಿಲ್ಲ, ಅಮೋಘವರ್ಷ ಅವರ ಜೊತೆ ಕರ್ನಾಟಕದ ಕಾಡು ಸುತ್ತುವ ಅಪ್ಪು ಇದ್ದಾರೆ. ಅಪ್ಪ ನಟಿಸಿ ತೋರಿಸಿದ ಕಾಡನ್ನು ಮಗ ನಡೆದು ತೋರಿಸಿದ್ದಾರೆ.

ಬಂಡೀಪುರ ದೂರವಾಯಿತೇ? ವಡೋದರಾದವರಿಗೆ ಜಂಬುಘೋಡಾ, ಸೂರತ್‌ನವರಿಗೆ ವಾಂಸ್ದಾ ಹತ್ತಿರ. ಅಹಮದಾಬಾದಿನವರು ಒಂದು ರಾತ್ರಿ ಪ್ರಯಾಣ ಮಾಡಿದರೆ ಗಿರ್. 2025ರ ಗಣತಿಯಲ್ಲಿ ಗುಜರಾತಿನ ಸಿಂಹಗಳು 891. ಅವು ಉಳಿದಿರುವುದೂ ಕುಮಾರ್‌ನಂಥ ಕಾವಲಿನವರಿಂದಲೇ. ಅಲ್ಲಿ ಖಾಕಿ ತೊಟ್ಟ ಗಾರ್ಡ್ ಒಬ್ಬರು ಸಿಕ್ಕರೆ ಮಕ್ಕಳಿಂದ ಒಂದು ‘ಕೇಮ್ ಛೋ’ ಹೇಳಿಸಿ. ಸಿನಿಮಾ ಮನೆಯಲ್ಲಿ ಕನ್ನಡದಲ್ಲಿ ಮುಗಿದಿದ್ದರೂ, ಅದರ ನಾಯಕ ಇಲ್ಲಿ ಗುಜರಾತಿಯಲ್ಲಿ ಉತ್ತರ ಕೊಡುತ್ತಾನೆ.