ಕುಟುಂಬದ ಮನಸ್ತಾಪವೂ ಮಿತಾಕ್ಷರೆಯ ವಿಭಾಗನಿಯಮವೂ

ಮನೆಯಲ್ಲಿ ಪಾಲಿನ ಮಾತು ಎದ್ದಿತೆಂದರೆ ಮನೆ ಮುರಿಯಿತೆಂದೇ ನಮ್ಮಲ್ಲಿ ಭಾವಿಸುವುದುಂಟು. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ (1076–1126) ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ವ್ಯಾಖ್ಯಾನವನ್ನು ರಚಿಸಿದ ವಿಜ್ಞಾನೇಶ್ವರನ ದೃಷ್ಟಿ ಬೇರೆ. ಪಿತ್ರಾರ್ಜಿತದಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕುಂಟು. ಅಜ್ಜನ ಆಸ್ತಿಯನ್ನು ತಂದೆಯ ಇಚ್ಛೆಗೆ ವಿರುದ್ಧವಾಗಿಯೂ ವಿಭಾಗಿಸಿಕೊಳ್ಳಬಹುದು. ಬಂಗಾಳದ ದಾಯಭಾಗ ಪದ್ಧತಿಯಲ್ಲಾದರೋ ತಂದೆಯಿರುವವರೆಗೆ ಮಗನು ಪಾಲು ಕೇಳುವಂತಿರಲಿಲ್ಲ. ದಿನಬೆಳಗಾದರೆ ಒಬ್ಬರನ್ನೊಬ್ಬರು ಶಂಕಿಸುತ್ತ ಬೇಯುವವರಿಗೆ ಮರ್ಯಾದೆಯಿಂದ ಬೇರೆಯಾಗುವ ದಾರಿಯೊಂದು ಹೀಗೆ ಶಾಸ್ತ್ರದಲ್ಲಿಯೇ ದೊರೆಯಿತು. ವಿಭಾಗವಾಯಿತೆ ಇಲ್ಲವೆ ಎಂಬ ವ್ಯಾಜ್ಯ ಬಂದರೆ ಜ್ಞಾತಿಗಳು, ಸಾಕ್ಷಿಗಳು, ಲೇಖ್ಯ, ಬೇರೆಬೇರೆಯಾದ ಮನೆ-ಹೊಲಗಳು ಪ್ರಮಾಣವೆನಿಸುತ್ತಿದ್ದವು.

ಆದರೆ ಈ ದಾರಿ ಎಲ್ಲರಿಗೂ ತೆರೆದಿರಲಿಲ್ಲ. ಪುತ್ರಹೀನನಾದ ಗಂಡನು ಪಾಲು ಪಡೆದು ಬೇರೆಯಾದ ಮೇಲೆ ಸತ್ತರೆ ಆಸ್ತಿ ವಿಧವೆಗೆ. ಕೂಡುಮನೆಯಲ್ಲಿದ್ದು ಸತ್ತರೆ ಅವಳಿಗೆ ಜೀವನಾಂಶ ಮಾತ್ರ. ಮೈದುನರ ಮನೆಯಲ್ಲಿ ಅವಳು ನುಂಗಿಕೊಂಡ ಮಾತುಗಳನ್ನು ಶಾಸನಗಳಲ್ಲಿ ಹುಡುಕುವುದು ವ್ಯರ್ಥ; ಚರಿತ್ರೆಯವರಾದ ನಾವೂ ಆ ಮೌನವನ್ನು ಸಾಮರಸ್ಯವೆಂದು ಬರೆದುಬಿಡುತ್ತೇವೆ. ಮೈಸೂರು ಸಂಸ್ಥಾನದ 1933ರ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯಿದೆಯು ಅವಳಿಗೂ ಅವಿವಾಹಿತ ಪುತ್ರಿಗೂ ವಿಭಾಗಕಾಲದಲ್ಲಿ ಪಾಲನ್ನು ವಿಧಿಸಿತು. ಪುತ್ರಿಗೆ ಜನ್ಮಸಿದ್ಧವಾದ ಹಕ್ಕು ಕರ್ನಾಟಕದಲ್ಲಿ ಬಂದದ್ದು 1994ರಲ್ಲಿ, ಅದೂ ಅದಕ್ಕೆ ಮೊದಲೇ ಮದುವೆಯಾದವರನ್ನು ಬಿಟ್ಟು. ಕೇಂದ್ರದ 2005ರ ತಿದ್ದುಪಡಿಯು ಆ ಭೇದವನ್ನು ತೆಗೆದುಹಾಕಿತು. ಆದರೂ ಅಕ್ಕತಂಗಿಯರಿಂದ ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಪಡೆಯುವ ರೂಢಿ ಇಂದಿಗೂ ಇದೆ. ಅಂತಹ ದಿನ ಊಟಕ್ಕೆ ಕುಳಿತವರು ಎಲೆಯಿಂದ ಕಣ್ಣೆತ್ತದಿರುವುದನ್ನು ನಾನೇ ಕಂಡಿದ್ದೇನೆ.