ಕುಡುಕನಿಗೆ ಇನ್ನೊಬ್ಬ ಕುಡುಕನ ಆಸರೆ

ಅದು 1935ರ ಮೇ ತಿಂಗಳು. ಅಮೆರಿಕದ ಆಕ್ರನ್ ನಗರಕ್ಕೆ ವ್ಯವಹಾರಕ್ಕೆಂದು ಬಂದಿದ್ದ ಬಿಲ್ ವಿಲ್ಸನ್ ಕುಡಿತ ಬಿಟ್ಟು ಐದು ತಿಂಗಳಷ್ಟೇ ಆಗಿತ್ತು. ವ್ಯವಹಾರ ಕೈಕೊಟ್ಟಿತು, ಹೋಟೆಲಿನ ಬಾರ್ ಕೈಬೀಸಿ ಕರೆಯಿತು. ಆತ ಹೋದದ್ದು ಟೆಲಿಫೋನಿನ ಬಳಿಗೆ. ಪಾದ್ರಿಯೊಬ್ಬರಿಗೆ ಫೋನ್ ಮಾಡಿ, ಮಾತನಾಡಲು ಇನ್ನೊಬ್ಬ ಕುಡುಕ ಬೇಕೆಂದ! ಹಾಗೆ ಸಿಕ್ಕವರು ಶಸ್ತ್ರವೈದ್ಯ ಡಾ. ಬಾಬ್ ಸ್ಮಿತ್. ಅವರು ಕೊನೆಯ ಬಾರಿ ಕುಡಿದ ಜೂನ್ 10ನ್ನೇ 'ಆಲ್ಕೊಹಾಲಿಕ್ಸ್ ಅನಾನಿಮಸ್' ಸಂಘದ ಹುಟ್ಟುದಿನವೆಂದು ಎಣಿಸುತ್ತಾರೆ. 1957ರಲ್ಲಿ ಅದು ಭಾರತಕ್ಕೂ ಬಂತು.

ಇಂದಿಗೂ ಸಭೆ ಹುಡುಕಲು ಸಂಘದ ಸಹಾಯವಾಣಿಗೆ ಒಂದು ಫೋನ್ ಮಾಡಿದರೆ ಸಾಕು. ಬೆಂಗಳೂರಿನಲ್ಲಿ ಕನ್ನಡದಲ್ಲೇ ನಡೆಯುವ ಸಭೆಗಳಿವೆ. ಶುಲ್ಕವಿಲ್ಲ, ಪೂರ್ತಿ ಹೆಸರು ಯಾರೂ ಕೇಳುವುದಿಲ್ಲ. ಬಿಡಬೇಕೆಂಬ ಆಸೆಯೊಂದೇ ಅರ್ಹತೆ. ಹೊಸಬರು ಬಾಯಿಬಿಡದೆ ಕೇಳುತ್ತ ಕೂತರೂ ಆಕ್ಷೇಪವಿಲ್ಲ. ದೇವರ ಮಾತು ಬರುತ್ತದೆ. ಕೆಲವರಿಗೆ ಅದು ಹಿಡಿಸದು, ಆದರೆ ಯಾವ ದೇವರೆಂಬುದು ಅವರವರ ಇಷ್ಟ. ಮನೆಯವರನ್ನು ಕರೆದುಕೊಂಡು ಹೋಗುವುದಾದರೆ 'ಮುಕ್ತ ಸಭೆ' ಯಾವಾಗೆಂದು ಮೊದಲೇ ವಿಚಾರಿಸಬೇಕು. ಉಳಿದವು ವ್ಯಸನಿಗಳಿಗೆ ಮಾತ್ರ. ಗಂಡ ಬರಲೊಪ್ಪದಿದ್ದರೆ ಹೆಂಡತಿ ಒಬ್ಬಳೇ ಹೋಗಬಹುದಾದ 'ಅಲ್-ಅನಾನ್' ಕುಟುಂಬ ಸಭೆಗಳೂ ಉಂಟು.

ಒಂದು ಎಚ್ಚರಿಕೆ: ದಿನವೂ ವಿಪರೀತ ಕುಡಿಯುವವರು ಥಟ್ಟನೆ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಪ್ರಾಣಕ್ಕೂ ಸಂಚಕಾರ. ಅಂಥವರು ಮೊದಲು ವೈದ್ಯರನ್ನು ಕಾಣಬೇಕು. ಸಭೆಯಲ್ಲಿ ಔಷಧಿ ಕೊಡುವವರು ಇರುವುದಿಲ್ಲ.