ಪಿಲ್ಟ್‌ಡೌನ್ ತಲೆಬುರುಡೆಯೂ ವಸ್ತುಸಂಗ್ರಹಾಲಯದ ದಾಖಲೆಗಳೂ

ವಸ್ತುಸಂಗ್ರಹಾಲಯವೆಂದರೆ ಗಾಜಿನ ಪೆಟ್ಟಿಗೆಗಳಲ್ಲಿಟ್ಟ ಪುರಾತನ ವಸ್ತುಗಳ ಪ್ರದರ್ಶನವೆಂದೇ ಹಲವರು ಭಾವಿಸುವುದುಂಟು. ಆದರೆ ಅಲ್ಲಿಯ ಪಳೆಯುಳಿಕೆಗಳ ಸಂಶೋಧನಾ ವಿಭಾಗದಲ್ಲಿ ಎಲುಬಿನಷ್ಟೇ ಬೆಲೆಯುಳ್ಳ ಮತ್ತೊಂದು ಸಂಪತ್ತಿದೆ, ಅದೇ ದಾಖಲೆ. ಎಲುಬು ದೊರೆತ ಸ್ಥಳ ಯಾವುದು, ನೆಲದ ಯಾವ ಸ್ತರದಲ್ಲಿತ್ತು, ಜೊತೆಯಲ್ಲಿ ಏನೇನಿದ್ದಿತು, ಕಂಡವರು ಯಾರು ಎಂಬುದನ್ನು ರಿಜಿಸ್ಟರಿನಲ್ಲಿ ಒಂದು ಸಂಖ್ಯೆಯೊಡನೆ ಬರೆದಿಡುವರು. ಮಾನವನ್ನು ಹೇಳದೆ ಬರೆದ ಅಳತೆ ಭೌತಶಾಸ್ತ್ರದಲ್ಲಿ ಹೇಗೆ ನಿರುಪಯುಕ್ತವೋ, ನೆಲೆ ತಿಳಿಯದ ಪಳೆಯುಳಿಕೆಯೂ ಬಹುಮಟ್ಟಿಗೆ ಹಾಗೆಯೇ.

ಲಂಡನ್ನಿನ ಪ್ರಾಕೃತಿಕ ಇತಿಹಾಸ ವಸ್ತುಸಂಗ್ರಹಾಲಯಕ್ಕೆ ಸಂಬಂಧಿಸಿದ ಪಿಲ್ಟ್‌ಡೌನ್ ಪ್ರಕರಣ ಇದಕ್ಕೆ ಒಳ್ಳೆಯ ನಿದರ್ಶನ. ಸಸೆಕ್ಸ್ ಪ್ರಾಂತದ ಜಲ್ಲಿಗುಂಡಿಯೊಂದರಲ್ಲಿ ಆದಿಮಾನವನ ಅವಶೇಷಗಳು ದೊರೆತವೆಂದು ಚಾರ್ಲ್ಸ್ ಡಾಸನ್ ಎಂಬ ವಕೀಲನೂ, ಆ ಸಂಗ್ರಹಾಲಯದ ಭೂವಿಜ್ಞಾನ ವಿಭಾಗದ ಮುಖ್ಯಸ್ಥನಾದ ಆರ್ಥರ್ ಸ್ಮಿತ್ ವುಡ್‌ವರ್ಡನೂ 1912ರ ಡಿಸೆಂಬರಿನಲ್ಲಿ ಸಾರಿದರು. ಬುರುಡೆ ಮನುಷ್ಯನದು, ದವಡೆಯಾದರೋ ವಾನರನದರಂತೆ. ಇವೆರಡೂ ಒಂದೇ ಜೀವಿಯವು ಹೇಗಾದಾವೆಂದು ಕೆಲವರು ಸಂಶಯಪಟ್ಟರು. ಎರಡನೆಯ ಸ್ಥಳವೊಂದರಲ್ಲಿಯೂ ಅಂಥದೇ ಅವಶೇಷಗಳು ಸಿಕ್ಕವೆಂದು ಡಾಸನ್ 1915ರಲ್ಲಿ ತಿಳಿಸಿದನು. 1916ರಲ್ಲಿ ಅವನು ತೀರಿಕೊಂಡನು. ಮರುವರ್ಷ ವುಡ್‌ವರ್ಡ್ ಇವನ್ನು ಪ್ರಕಟಿಸಲು, ಅಂಥ ಜೋಡಿ ಎರಡು ಬಾರಿ ಆಕಸ್ಮಿಕವಾಗಿ ಒದಗದೆಂದು ಸಂಶಯಿಗಳಲ್ಲಿ ಹಲವರು ಸುಮ್ಮನಾದರು.

1953ರಲ್ಲಿ ಅದೇ ಸಂಗ್ರಹಾಲಯದ ಕೆನೆತ್ ಓಕ್ಲಿಯು, ಈ ಎರಡನೆಯ ಸ್ಥಳದ ನಿಖರವಾದ ಗುರುತು ತಮ್ಮ ದಾಖಲೆಗಳಲ್ಲಿಲ್ಲವೆಂದು ಜೋಸೆಫ್ ವೀನರ್ ಎಂಬ ವಿಜ್ಞಾನಿಗೆ ತಿಳಿಸಿದನು. ವೀನರನು ಯೋಚನೆಗೆ ತೊಡಗಿದನು. ಸ್ಥಳವೇ ತಿಳಿಯದ ಸಾಕ್ಷ್ಯವನ್ನು ಬದಿಗಿಟ್ಟರೆ ಹಳೆಯ ಪ್ರಶ್ನೆ ಮತ್ತೆ ಏಳುವುದಷ್ಟೆ! ಮನುಷ್ಯನ ಬುರುಡೆಗೆ ವಾನರನ ದವಡೆ ಸ್ವಾಭಾವಿಕವಾಗಿ ಹೊಂದದು. ಎರಡು ಬೇರೆ ಜೀವಿಗಳ ಎಲುಬುಗಳು ಅಕಸ್ಮಾತ್ತಾಗಿ ಒಂದೇ ಗುಂಡಿಯಲ್ಲಿ ಸೇರಿದುವೆನ್ನುವುದೂ ಕಷ್ಟ. ಹಾಗಾದರೆ ಯಾರೋ ಬೇಕೆಂದೇ ಇಟ್ಟಿರಬೇಕು.

ಪರೀಕ್ಷೆಯಲ್ಲಿ ಈ ಊಹೆ ನಿಜವಾಯಿತು. ಹಲ್ಲುಗಳನ್ನು ಅರದಿಂದ ಉಜ್ಜಿ ಸವೆಸಿದ್ದರು; ಎಲುಬುಗಳಿಗೆ ಬಣ್ಣ ಕಟ್ಟಿದ್ದರು. ನೆಲದಲ್ಲಿ ಹೂತ ಎಲುಬು ಅಂತರ್ಜಲದಲ್ಲಿರುವ ಫ್ಲೋರಿನ್ನನ್ನು ಮೆಲ್ಲಮೆಲ್ಲನೆ ಹೀರಿಕೊಳ್ಳುತ್ತದೆ. ಆದುದರಿಂದ ಒಂದೇ ಸ್ಥಳದಲ್ಲಿ ಒಂದೇ ಕಾಲದಿಂದ ಇದ್ದ ಎಲುಬುಗಳಲ್ಲಿ ಅದರ ಪ್ರಮಾಣ ಹೆಚ್ಚುಕಡಿಮೆ ಸಮನಾಗಿರಬೇಕು. ಇಲ್ಲಿಯಾದರೋ ಬುರುಡೆಯಲ್ಲಿ ಶೇಕಡ 0.1ರಷ್ಟು, ದವಡೆಯಲ್ಲಿ ಶೇಕಡ 0.03ಕ್ಕಿಂತಲೂ ಕಡಿಮೆ! ಓಕ್ಲಿ, ವೀನರ್ ಮತ್ತು ಲ ಗ್ರೋ ಕ್ಲಾರ್ಕ್ ಮೂವರೂ 1953ರ ನವೆಂಬರಿನಲ್ಲಿ ಈ ವಂಚನೆಯನ್ನು ಬಯಲಿಗೆಳೆದರು. 1959ರಲ್ಲಿ ವಿಕಿರಣಶೀಲ ಇಂಗಾಲದ ಪರೀಕ್ಷೆಯಿಂದ ಎಲುಬುಗಳು ಕೆಲವೇ ಶತಮಾನಗಳಷ್ಟು ಹಳೆಯವೆಂದು ತಿಳಿಯಿತು. ದವಡೆ ಒರಾಂಗುಟಾನಿನದೆಂದು 2016ರಲ್ಲಿ ಪ್ರಕಟವಾದ ಡಿಎನ್‌ಎ ಪರೀಕ್ಷೆ ಖಚಿತಪಡಿಸಿತು. ಅದೇ ಅಧ್ಯಯನವು ಕೃತ್ಯ ಬಹುಶಃ ಡಾಸನ್ನನೊಬ್ಬನದೇ ಎಂದಿತು.

ಈ ಸುಳ್ಳಿಗೆ ವಿಜ್ಞಾನ ತೆತ್ತ ಬೆಲೆ ಅಲ್ಪವಲ್ಲ. ಮೆದುಳು ಮೊದಲು ಬೆಳೆಯಿತೆಂಬ ತಪ್ಪು ಕಲ್ಪನೆಗೆ ಪಿಲ್ಟ್‌ಡೌನ್ ಬಲ ಕೊಟ್ಟಿತು. 1925ರಲ್ಲಿ ರೇಮಂಡ್ ಡಾರ್ಟನು ಪ್ರಕಟಿಸಿದ ದಕ್ಷಿಣ ಆಫ್ರಿಕದ ಟೌಂಗ್ ಬುರುಡೆ, ಮೆದುಳು ಚಿಕ್ಕದೆಂಬ ಕಾರಣದಿಂದ, ಬಹುಕಾಲ ಉಪೇಕ್ಷೆಗೊಳಗಾಯಿತು.

ಡಾಸನ್ ವುಡ್‌ವರ್ಡನಿಗೆ ಬರೆದ ಪತ್ರಗಳು ಆ ಸಂಗ್ರಹಾಲಯದಲ್ಲಿ ಇಂದಿಗೂ ಭದ್ರವಾಗಿವೆ. ಅವುಗಳ ನೆರವಿನಿಂದಲೇ ಸಂಶೋಧಕರು ಯಾವ ವಸ್ತು ಎಂದು, ಯಾರ ಕೈಯಿಂದ ಬಂದಿತೆಂಬುದನ್ನು ಮತ್ತೆ ಮತ್ತೆ ವಿಮರ್ಶಿಸಲು ಸಾಧ್ಯವಾಗಿದೆ. ಪ್ರಯೋಗಶಾಲೆಯ ಪುಸ್ತಕದಲ್ಲಿ ಕಂಡುದನ್ನು ಕಂಡಂತೆ, ಅಂದೇ ಬರೆಯಬೇಕೆಂದು ಅಧ್ಯಾಪಕರು ವಿದ್ಯಾರ್ಥಿಗಳನ್ನು ಒತ್ತಾಯಿಸುವುದೂ ಇದೇ ಕಾರಣಕ್ಕಾಗಿ.